ಜ್ಞಾನಭಂಡಾರಿ ಬಿಲಿಂಗ್ಸ್

ಕೆರೆ ತುಂಬಿದ ಮಾತ್ರಕ್ಕೆ ಗದ್ದೆ ಹಸುರಾಗುವುದಿಲ್ಲ. ಕೆರೆಯ ನೀರು ಪೈರಿನ ಬುಡವನ್ನು ಮುಟ್ಟಬೇಕಾದರೆ ತೂಬು ಬೇಕು, ಕಾಲುವೆ ಬೇಕು, ಹೊತ್ತರಿತು ತೂಬನ್ನೆತ್ತುವ ನೀರುಗಂಟಿಯೂ ಬೇಕು. ಜ್ಞಾನದ ವಿಷಯವೂ ಹೀಗೆಯೇ. ಅನೇಕ ತಲೆಮಾರುಗಳ ಜನರು ನೋಡಿ, ಮಾಡಿ, ಸೋತು, ಗೆದ್ದು ಕಲಿತದ್ದೆಲ್ಲ ಗ್ರಂಥಗಳಲ್ಲಿ ಸೇರಿಕೊಂಡಿರುತ್ತದೆ. ಆದರೆ ಬೇಕಾದವನಿಗೆ ಬೇಕಾದ ಹೊತ್ತಿನಲ್ಲಿ ಅದು ದೊರೆಯದಿದ್ದರೆ ಇದ್ದೂ ಇಲ್ಲದಂತೆಯೇ ಸರಿ. ವೈದ್ಯಶಾಸ್ತ್ರದಲ್ಲಂತೂ ಈ ಕೊರತೆಯ ಬೆಲೆ ಬಹಳ ಹೆಚ್ಚು. ಒಂದು ಊರಿನ ವೈದ್ಯನು ಒಂದು ಕಾಯಿಲೆಗೆ ತಕ್ಕ ಚಿಕಿತ್ಸೆಯನ್ನು ಕಂಡುಹಿಡಿದು ಬರೆದಿಟ್ಟಿರಬಹುದು. ಅದೇ ಕಾಯಿಲೆಯ ರೋಗಿಯನ್ನು ಮುಂದಿಟ್ಟುಕೊಂಡು ಕುಳಿತ ಇನ್ನೊಂದು ಊರಿನ ವೈದ್ಯನಿಗೆ ಆ ಬರಹ ಇರುವುದೇ ತಿಳಿಯದಿದ್ದರೆ ನಷ್ಟವಾಗುವುದು ಕಾಗದವಲ್ಲ, ಪ್ರಾಣ.

ಈ ಸತ್ಯವನ್ನು ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿಯೇ ಅನುಭವದಿಂದ ಅರಿತು, ಬಾಳಿನ ಮೂವತ್ತು ವರ್ಷಗಳನ್ನು ಅದರ ಪರಿಹಾರಕ್ಕಾಗಿ ಮುಡಿಪಾಗಿಟ್ಟ ಮಹನೀಯರೊಬ್ಬರು ಅಮೆರಿಕದಲ್ಲಿ ಬಾಳಿದರು. ಅವರೇ ಜಾನ್ ಷಾ ಬಿಲಿಂಗ್ಸ್. ಅವರು ಶಸ್ತ್ರವೈದ್ಯರು, ಸೇನಾಧಿಕಾರಿಗಳು, ಆಸ್ಪತ್ರೆಗಳ ನಿರ್ಮಾಣದಲ್ಲಿ ತಜ್ಞರು. ಆದರೂ ಲೋಕವು ಅವರನ್ನು ಇಂದಿಗೂ ನೆನೆಯುವುದು ಗ್ರಂಥಪಾಲಕರೆಂದು.

ಜಾನ್ ಹುಟ್ಟಿದ್ದು 1838ರ ಏಪ್ರಿಲ್ 12ರಂದು, ಅಮೆರಿಕ ಸಂಯುಕ್ತ ಸಂಸ್ಥಾನದ ಇಂಡಿಯಾನಾ ರಾಜ್ಯದ ಒಂದು ರೈತಾಪಿ ಮನೆತನದಲ್ಲಿ. ಮನೆಯಲ್ಲಿ ಸಿರಿತನವಿರಲಿಲ್ಲ, ಊರಿನಲ್ಲಿ ದೊಡ್ಡ ಶಾಲೆಯಿರಲಿಲ್ಲ. ಆದರೆ ಹುಡುಗನಿಗೆ ಓದಿನ ಹಸಿವು ಅಪಾರವಾಗಿದ್ದಿತು. ಕೈಗೆ ಸಿಕ್ಕಿದ ಪುಸ್ತಕವನ್ನೆಲ್ಲ ಓದುತ್ತಿದ್ದನು. ಒಮ್ಮೆ ಓದುತ್ತಿದ್ದ ಪುಸ್ತಕದ ನಡುವೆ ಲ್ಯಾಟಿನ್ ಭಾಷೆಯ ಮಾತುಗಳು ಬಂದವು. ಅವುಗಳ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಹಾರಿಸಿ ಮುಂದೆ ಓದುವ ಸ್ವಭಾವ ಅವನದಲ್ಲ. ಪರಿಚಯದ ಪಾದ್ರಿಯೊಬ್ಬರನ್ನು ವಿಚಾರಿಸಿ, ವ್ಯಾಕರಣವನ್ನೂ ನಿಘಂಟನ್ನೂ ದೊರಕಿಸಿಕೊಂಡು, ಬಹುಮಟ್ಟಿಗೆ ತನ್ನ ಪ್ರಯತ್ನದಿಂದಲೇ ಆ ಭಾಷೆಯನ್ನು ಕಲಿಯತೊಡಗಿದನು.

ಕಾಲೇಜಿಗೆ ಹೋಗಬೇಕೆಂಬ ಆಸೆ ಮೂಡಿದಾಗ ಜಾನ್ ತನ್ನ ತಂದೆಯೊಡನೆ ಒಂದು ಒಪ್ಪಂದ ಮಾಡಿಕೊಂಡನು. ತಂದೆಯು ತನ್ನ ಕಾಲೇಜು ಓದಿಗೆ ನೆರವಾಗಬೇಕು; ಅದಕ್ಕೆ ಪ್ರತಿಯಾಗಿ ತಾನು ಮನೆಯ ಆಸ್ತಿಯಲ್ಲಿ ಬಿಡಿಗಾಸನ್ನೂ ಕೇಳುವುದಿಲ್ಲ, ಅದೆಲ್ಲ ತನ್ನ ಸೋದರಿಗೆ ಸೇರಲಿ. ಇದೇ ಆ ಒಪ್ಪಂದ. ಎಳೆಯ ವಯಸ್ಸಿನ ಹುಡುಗನೊಬ್ಬನು ಹೊಲಮನೆಗಳಿಗಿಂತ ವಿದ್ಯೆಯೇ ಹೆಚ್ಚಿನ ಆಸ್ತಿಯೆಂದು ಹೀಗೆ ತೀರ್ಮಾನಿಸಿದನು. 1852ರಲ್ಲಿ ಒಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯವನ್ನು ಸೇರಿ, 1857ರಲ್ಲಿ ಪದವೀಧರನಾದನು. ಅನಂತರ ಸಿನ್ಸಿನಾಟಿ ನಗರದಲ್ಲಿದ್ದ ಒಹಾಯೊ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯವಿದ್ಯೆಯನ್ನು ಕಲಿಯತೊಡಗಿದನು. ಆ ದಿನಗಳು ಕಡುಬಡತನದವು. ಒಂದು ಚಳಿಗಾಲವನ್ನು ವಾರಕ್ಕೆ ಮುಕ್ಕಾಲು ಡಾಲರಿನ ಹಾಲು ಮೊಟ್ಟೆಗಳಲ್ಲಿಯೇ ಕಳೆದನೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಹೊಟ್ಟೆಗೆ ಕಟ್ಟಿಕೊಂಡ ಈ ಕಟ್ಟು ದೇಹದ ಮೇಲೆ ಬಹುಕಾಲ ತನ್ನ ಗುರುತನ್ನು ಉಳಿಸಿದರೂ ಮನಸ್ಸಿನ ಹಟವನ್ನು ಸಡಿಲಿಸಲಿಲ್ಲ.

1860ರಲ್ಲಿ ಪದವಿಗಾಗಿ ಒಂದು ಪ್ರಬಂಧವನ್ನು ಬರೆಯಬೇಕಾಯಿತು. ಅಪಸ್ಮಾರ, ಎಂದರೆ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಎಂಬ ವಿಷಯವನ್ನು ಜಾನ್ ಆರಿಸಿಕೊಂಡನು. ಈ ಚಿಕಿತ್ಸೆಯನ್ನು ಎಷ್ಟು ಮಂದಿಗೆ ಮಾಡಲಾಗಿದೆ, ಅವರಲ್ಲಿ ಗುಣವಾದವರೆಷ್ಟು, ಸತ್ತವರೆಷ್ಟು ಎಂಬ ಲೆಕ್ಕವಿಲ್ಲದೆ ಪ್ರಬಂಧ ಮುಂದುವರಿಯುವಂತಿರಲಿಲ್ಲ. ಲೆಕ್ಕವನ್ನು ಹುಡುಕುತ್ತ ಅವನು ಸಿನ್ಸಿನಾಟಿಯ ಗ್ರಂಥಾಲಯಗಳನ್ನೆಲ್ಲ ಜಾಲಾಡಿದನು. ಇತರ ನಗರಗಳ ಗ್ರಂಥಾಲಯಗಳಲ್ಲಿಯೂ ಅರಸಿದನು. ತಿಂಗಳುಗಳು ಉರುಳಿದವು. ಬೇಕಾದ ಸಂಗತಿಗಳು ನೂರಾರು ಸಂಪುಟಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಪುಸ್ತಕದ ಹೆಸರೊಂದು, ಒಳಗಿನ ಹೂರಣವೊಂದು. ಕೊನೆಯಲ್ಲಿ ಕೊಟ್ಟಿದ್ದ ಸೂಚಿಗಳೂ ಬಹಳ ಕಡೆ ನಂಬಲರ್ಹವಾಗಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಷ್ಟು ದೊಡ್ಡ ದೇಶದಲ್ಲಿ ವೈದ್ಯಗ್ರಂಥಗಳನ್ನು ಸಾಕಷ್ಟು ಸಮಗ್ರವಾಗಿ ಕೂಡಿಟ್ಟ ಒಂದು ಗ್ರಂಥಾಲಯವೂ ಇರಲಿಲ್ಲ. ಯುರೋಪಿಗೆ ಹಡಗು ಹತ್ತಬಲ್ಲ ಹಣವಂತನಿಗೆ ಮಾತ್ರ ಈ ವಿದ್ಯೆ ಎಟುಕುವಂತಿದ್ದಿತು. ಪ್ರಬಂಧವು ಹೇಗೋ ಮುಗಿದು ಪದವಿಯೂ ದೊರೆಯಿತು. ಆದರೆ ಹುಡುಕಿ ಹುಡುಕಿ ಬಳಲಿದ ಆ ತಿಂಗಳುಗಳನ್ನು ಜಾನ್ ಮರೆಯಲಿಲ್ಲ. ತನ್ನ ನಂತರ ಬರುವ ಯಾವ ವೈದ್ಯನೂ ಹೀಗೆ ಕತ್ತಲೆಯಲ್ಲಿ ತಡಕಾಡಬಾರದೆಂಬ ಬಯಕೆ ಅಂದು ಅವನ ಮನಸ್ಸಿನಲ್ಲಿ ಬೇರೂರಿತು.

ಬಯಕೆ ಕೈಗೂಡುವ ಮುನ್ನ ದೇಶಕ್ಕೆ ಯುದ್ಧ ಬಂದಿತು. 1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಹೊತ್ತಿಕೊಂಡಿತು. ಬಿಲಿಂಗ್ಸರು ಸೇನಾವೈದ್ಯರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, 1862ರಲ್ಲಿ ಉತ್ತರದ ಸೇನೆಯಲ್ಲಿ ಸಹಾಯಕ ಶಸ್ತ್ರವೈದ್ಯರಾದರು. ವಾಷಿಂಗ್ಟನ್ ಮತ್ತು ಫಿಲಡೆಲ್ಫಿಯಾ ನಗರಗಳ ಸೇನಾ ಆಸ್ಪತ್ರೆಗಳಲ್ಲಿ ದುಡಿದು, 1863ರಲ್ಲಿ ರಣರಂಗಕ್ಕೇ ನಡೆದರು. ಚಾನ್ಸಲರ್ಸ್‌ವಿಲ್ ಕಾಳಗದಲ್ಲಿ ಗುಂಡುಗಳು ಹಾರುತ್ತಿದ್ದಂತೆಯೇ ಗಾಯಾಳುಗಳ ಶುಶ್ರೂಷೆ ಮಾಡಿದರು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಗೆಟಿಸ್‌ಬರ್ಗ್ ಎಂಬಲ್ಲಿ ನಡೆದ ಘೋರ ಯುದ್ಧದಲ್ಲಿ ಒಂದು ಸೇನಾವಿಭಾಗದ ಆಸ್ಪತ್ರೆಯ ಹೊಣೆಯನ್ನು ಹೊತ್ತರು. ಹಗಲಿರುಳೆನ್ನದೆ ಶಸ್ತ್ರಚಿಕಿತ್ಸೆ ನಡೆಸಿ, ನಿಲ್ಲಲಾರದಷ್ಟು ದಣಿದರು. ಅವರ ಕೈ ನಿಪುಣವಾದುದೆಂದು ಜೊತೆಯ ವೈದ್ಯರೆಲ್ಲ ಬಲ್ಲವರಾಗಿದ್ದರು. ಯುದ್ಧ ಮುಗಿದ ಮೇಲೆ ಯಾವುದಾದರೂ ದೊಡ್ಡ ನಗರದಲ್ಲಿ ವೈದ್ಯವೃತ್ತಿಯನ್ನು ಕೈಗೊಂಡಿದ್ದರೆ ಹಣಕ್ಕೂ ಹೆಸರಿಗೂ ಕೊರತೆಯಾಗುತ್ತಿರಲಿಲ್ಲ.

ಆದರೆ 1864ರ ಡಿಸೆಂಬರಿನಲ್ಲಿ ಅವರು ವಾಷಿಂಗ್ಟನ್ನಿನ ಸರ್ಜನ್ ಜನರಲ್ಲರ ಕಚೇರಿಗೆ ಬಂದರು. ಸೇನೆಯ ವೈದ್ಯ ಇಲಾಖೆಗೆ ಅದೇ ಮುಖ್ಯ ಕಚೇರಿ. ಯುದ್ಧ ಮುಗಿಯುತ್ತಿದ್ದಂತೆ ಆಸ್ಪತ್ರೆಗಳ ಲೆಕ್ಕಪತ್ರಗಳನ್ನು ತೀರಿಸುವ ಒಣ ಕೆಲಸ ಅವರ ಪಾಲಿಗೆ ಬಂದಿತು. ಅದರ ಜೊತೆಗೆ, 1865ರಲ್ಲಿ, ಕಚೇರಿಯ ಪುಸ್ತಕಗಳನ್ನು ನೋಡಿಕೊಳ್ಳುವ ಚಿಕ್ಕ ಹೊಣೆಯೂ ಸೇರಿಕೊಂಡಿತು. ಈ ಪುಸ್ತಕಸಂಗ್ರಹವು 1836ರಲ್ಲಿ, ಜೋಸೆಫ್ ಲವೆಲ್ ಎಂಬವರು ಸರ್ಜನ್ ಜನರಲ್ಲರಾಗಿದ್ದಾಗ, ಕಚೇರಿಯ ಬಳಕೆಗೆಂದು ಕಪಾಟಿನಲ್ಲಿ ಇಟ್ಟ ಕೆಲವೇ ಪುಸ್ತಕಗಳಿಂದ ಆರಂಭವಾಗಿತ್ತು. ಬಿಲಿಂಗ್ಸರ ಕೈಗೆ ಬಂದಾಗ ಅದರಲ್ಲಿ ಎರಡು ಸಾವಿರಕ್ಕೆ ಸ್ವಲ್ಪ ಹೆಚ್ಚು ಸಂಪುಟಗಳಿದ್ದವು. ಇತರರ ಕಣ್ಣಿಗೆ ಅದು ಧೂಳು ಹಿಡಿಯುವ ಕಪಾಟು; ಬಿಲಿಂಗ್ಸರ ಕಣ್ಣಿಗೆ ಅದು ಇಡೀ ದೇಶಕ್ಕೆ ಬೇಕಾಗಿದ್ದ ವೈದ್ಯಗ್ರಂಥಭಂಡಾರದ ಬೀಜ.

ಯುದ್ಧಕಾಲದ ಆಸ್ಪತ್ರೆಗಳ ನಿಧಿಯಲ್ಲಿ ಉಳಿದಿದ್ದ ಸುಮಾರು 80,000 ಡಾಲರುಗಳನ್ನು ಗ್ರಂಥಗಳಿಗಾಗಿ ಬಳಸಲು ಅವರಿಗೆ ಅನುಮತಿ ದೊರೆಯಿತು. ಸಂಗ್ರಹವು ಬೆಳೆದು ಕಚೇರಿಯಲ್ಲಿ ಸ್ಥಳ ಸಾಲದಾಯಿತು. ಆಗ ಅದಕ್ಕೆ ದೊರೆತ ಮನೆ ವಿಚಿತ್ರವಾದುದು. 1865ರ ಏಪ್ರಿಲ್ 14ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ನರು ನಾಟಕವನ್ನು ನೋಡುತ್ತ ಕುಳಿತಿದ್ದಾಗ ಗುಂಡಿಗೆ ಗುರಿಯಾದ ಫೋರ್ಡ್ ರಂಗಮಂದಿರವನ್ನು ಸರ್ಕಾರವು ವಶಪಡಿಸಿಕೊಂಡು ಕಚೇರಿಯ ಕಟ್ಟಡವಾಗಿ ಮಾರ್ಪಡಿಸಿತ್ತು. ಅಲ್ಲಿಗೆ ಸೇನೆಯ ವೈದ್ಯವಸ್ತು ಸಂಗ್ರಹಾಲಯವೂ ಗ್ರಂಥಾಲಯವೂ ಸ್ಥಳಾಂತರಗೊಂಡವು. ಕೊಲೆಯಿಂದ ಕಳಂಕಿತವಾದ ಮನೆಯು ಜೀವವನ್ನು ಉಳಿಸುವ ವಿದ್ಯೆಗೆ ಆಶ್ರಯವಾಯಿತು.

ಹಣವೊಂದರಿಂದಲೇ ಗ್ರಂಥಾಲಯ ಬೆಳೆಯುವುದಿಲ್ಲವೆಂದು ಬಿಲಿಂಗ್ಸರು ಬಲ್ಲವರಾಗಿದ್ದರು. ದೇಶದ ಮೂಲೆಮೂಲೆಗಳಲ್ಲಿದ್ದ ವೈದ್ಯರಿಗೆ, ಪತ್ರಿಕೆಗಳ ಸಂಪಾದಕರಿಗೆ, ವೈದ್ಯಸಂಘಗಳಿಗೆ, ಆಸ್ಪತ್ರೆಗಳಿಗೆ ಅವರು ಎಡೆಬಿಡದೆ ಪತ್ರ ಬರೆದರು. ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಪತ್ರಿಕೆಗಳನ್ನು, ಆಸ್ಪತ್ರೆಗಳ ವಾರ್ಷಿಕ ವರದಿಗಳನ್ನು, ಯಾರೂ ಬೆಲೆಕೊಡದ ಕಿರುಹೊತ್ತಗೆಗಳನ್ನು ಕಳುಹಿಸಬೇಕೆಂದು ಬೇಡಿದರು. ಒಂದು ಪತ್ರಿಕೆಯ ಹತ್ತು ಸಂಚಿಕೆಗಳಿದ್ದು ಹನ್ನೊಂದನೆಯದು ಇಲ್ಲದಿದ್ದರೆ ಅದು ದೊರೆಯುವವರೆಗೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ. ತಮ್ಮಲ್ಲಿದ್ದ ಎರಡನೆಯ ಪ್ರತಿಗಳನ್ನು ಇತರರಿಗೆ ಕೊಟ್ಟು, ಅವರಿಂದ ತಮ್ಮಲ್ಲಿಲ್ಲದವನ್ನು ಪಡೆದರು. ಹೊರದೇಶಗಳ ಪುಸ್ತಕ ವ್ಯಾಪಾರಿಗಳ ಪಟ್ಟಿಗಳನ್ನು ತರಿಸಿ ಸಾಲುಸಾಲಾಗಿ ಓದಿ ಗುರುತು ಹಾಕಿದರು. ಹೀಗೆ ಹನಿಗೂಡಿ ಹಳ್ಳವಾಯಿತು. ಹತ್ತು ವರ್ಷಗಳು ಕಳೆಯುವ ವೇಳೆಗೆ ಎರಡು ಸಾವಿರವಿದ್ದ ಸಂಪುಟಗಳು ಹತ್ತಾರು ಸಾವಿರವಾದವು.

ಪುಸ್ತಕಗಳು ಹೆಚ್ಚಿದಂತೆ ಹಳೆಯ ತೊಡಕು ಹೊಸ ರೂಪದಲ್ಲಿ ಎದುರಾಯಿತು. ಒಂದು ಪುಸ್ತಕವನ್ನು ಅದರ ಕರ್ತೃವಿನ ಹೆಸರಿನಿಂದ ಹುಡುಕಬಹುದು. ಆದರೆ ವೈದ್ಯನಿಗೆ ಬೇಕಾದುದು ಹೆಸರಲ್ಲ, ವಿಷಯ. ವೈದ್ಯಶಾಸ್ತ್ರದ ಹೊಸ ಅರಿವು ಮೊದಲು ಪ್ರಕಟವಾಗುವುದು ದೊಡ್ಡ ಗ್ರಂಥಗಳಲ್ಲಿಯೂ ಅಲ್ಲ. ನಿಯತಕಾಲಿಕೆಗಳ ನಾಲ್ಕೈದು ಪುಟಗಳ ಲೇಖನಗಳಲ್ಲಿ. ಆ ಲೇಖನಗಳನ್ನು ವಿಷಯವಾರು ವಿಂಗಡಿಸಿ ಪಟ್ಟಿಮಾಡದಿದ್ದರೆ ಭಂಡಾರವೆಲ್ಲ ಬೀಗ ಹಾಕಿದ ಪೆಟ್ಟಿಗೆಯಾಗಿ ಉಳಿಯುತ್ತದೆ. ಆದಕಾರಣ ಬಿಲಿಂಗ್ಸರು ಅದುವರೆಗೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಯಾರೂ ಪೂರೈಸದಿದ್ದ ಕಾರ್ಯಕ್ಕೆ ಕೈಹಾಕಿದರು. ಗ್ರಂಥಾಲಯದಲ್ಲಿರುವ ಪ್ರತಿಯೊಂದು ಪುಸ್ತಕವನ್ನೂ, ಪತ್ರಿಕೆಗಳಲ್ಲಿನ ಮುಖ್ಯವಾದ ಪ್ರತಿಯೊಂದು ಲೇಖನವನ್ನೂ, ಕರ್ತೃ ಮತ್ತು ವಿಷಯಗಳೆರಡನ್ನೂ ಒಂದೇ ಅಕಾರಾದಿ ಕ್ರಮದಲ್ಲಿ ಜೋಡಿಸಿ ತೋರಿಸುವ ಮಹಾಸೂಚಿಯೊಂದನ್ನು ಸಿದ್ಧಪಡಿಸುವುದೇ ಆ ಕಾರ್ಯ.

ಕೆಲಸ ನಡೆದ ರೀತಿ ಸರಳವಾದುದು. ಆದರೆ ಅದಕ್ಕೆ ಬೇಕಾದ ತಾಳ್ಮೆ ಸಾಮಾನ್ಯವಾದುದಲ್ಲ. ಹಗಲೆಲ್ಲ ಕಚೇರಿಯಲ್ಲಿ ದುಡಿದು ಬಿಲಿಂಗ್ಸರು ಸಂಜೆ ಮನೆಗೆ ಹೋಗುವಾಗ ಹೊಸದಾಗಿ ಬಂದ ಪತ್ರಿಕೆಗಳ ಹೊರೆಯೂ ಅವರ ಮನೆಗೆ ಹೋಗುತ್ತಿತ್ತು. ರಾತ್ರಿ ದೀಪದ ಮುಂದೆ ಕುಳಿತು ಅವರು ಒಂದೊಂದು ಪತ್ರಿಕೆಯನ್ನೂ ತಿರುವಿ, ಸೂಚಿಯಲ್ಲಿ ಸೇರಬೇಕಾದ ಲೇಖನಕ್ಕೆ ಸೀಸದ ಕಡ್ಡಿಯಿಂದ ಗುರುತು ಹಾಕುತ್ತಿದ್ದರು. ಮರುದಿನ ಗುಮಾಸ್ತರು ಗುರುತು ಬಿದ್ದ ಪ್ರತಿಯೊಂದು ಲೇಖನಕ್ಕೂ ಒಂದೊಂದು ಚೀಟಿ ಬರೆಯುತ್ತಿದ್ದರು. ಆ ಚೀಟಿಗಳು ವಿಷಯಾನುಸಾರವಾಗಿ ವಿಂಗಡಗೊಂಡು ಪೆಟ್ಟಿಗೆಗಳಲ್ಲಿ ಸೇರುತ್ತಿದ್ದವು. ಇದು ಒಂದು ದಿನದ ಕೆಲಸವಲ್ಲ, ಒಂದು ವರ್ಷದ್ದೂ ಅಲ್ಲ. ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೊದಲಾದ ಹಲವು ಭಾಷೆಗಳ ಬರಹಗಳು ಹೀಗೆ ವರ್ಷವರ್ಷವೂ ಅವರ ಕಣ್ಣಮುಂದೆ ಹಾದುಹೋದವು.

ಈ ಸಾಹಸದಲ್ಲಿ ಅವರಿಗೆ ಹೆಗಲು ಕೊಟ್ಟವರು ಡಾಕ್ಟರ್ ರಾಬರ್ಟ್ ಫ್ಲೆಚರರು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲಸಿದ್ದ ಇವರು 1876ರಲ್ಲಿ ಗ್ರಂಥಾಲಯವನ್ನು ಸೇರಿದರು. ಬಿಲಿಂಗ್ಸರಿಗಿಂತ ವಯಸ್ಸಿನಲ್ಲಿ ಹದಿನೈದು ವರ್ಷ ಹಿರಿಯರು. ಅಚ್ಚಿನ ಕರಡುಗಳನ್ನು ತಿದ್ದುವುದರಲ್ಲಿ ಇವರ ಕಣ್ಣಿಗೆ ತಪ್ಪಿ ಹೋಗುವ ದೋಷವೇ ಅಪರೂಪ. ಒಬ್ಬರದು ವೇಗ, ಇನ್ನೊಬ್ಬರದು ಎಚ್ಚರ. ಎರಡೂ ಸೇರಿದುದರಿಂದ ಕಾರ್ಯ ಸಾಧ್ಯವಾಯಿತು.

ಸೂಚಿಯ ಮಾದರಿಯೊಂದನ್ನು 1876ರಲ್ಲಿ ಅಚ್ಚುಹಾಕಿಸಿ ಬಿಲಿಂಗ್ಸರು ದೇಶದ ವೈದ್ಯರಿಗೆ ಕಳುಹಿಸಿ ಅವರ ಸಲಹೆಗಳನ್ನು ಕೇಳಿದರು. ಇಡೀ ಗ್ರಂಥವನ್ನು ಅಚ್ಚುಮಾಡಿಸಲು ಸರ್ಕಾರದ ಹಣ ಬೇಕಾಗಿದ್ದಿತು. ಶಾಸನಸಭೆಯ ಸದಸ್ಯರಿಗೆ ಸೂಚಿಯೊಂದರ ಮಹತ್ವವನ್ನು ತಿಳಿಯಹೇಳುವುದು ಸುಲಭವಲ್ಲ. ಅದನ್ನು ಬಳಸಬೇಕಾಗಿದ್ದ ವೈದ್ಯರೇ ಆಗ ಅದರ ಪರವಾಗಿ ನಿಂತರು. ಶಾಸನಸಭೆಗೆ ಮನವಿಗಳನ್ನು ಸಲ್ಲಿಸಿದರು. ಕೊನೆಗೆ ಹಣ ಮಂಜೂರಾಗಿ 1880ರಲ್ಲಿ ಮಹಾಸೂಚಿಯ ಮೊದಲನೆಯ ಸಂಪುಟ ಹೊರಬಂದಿತು. ಅಲ್ಲಿಂದ ವರ್ಷಕ್ಕೊಂದರಂತೆ ಪ್ರಕಟವಾಗುತ್ತ, 1895ರಲ್ಲಿ ಹದಿನಾರು ಸಂಪುಟಗಳ ಮೊದಲ ಮಾಲೆ ಪೂರ್ಣವಾಯಿತು. ಪತ್ರಿಕೆಗಳ ಐದು ಲಕ್ಷಕ್ಕೂ ಹೆಚ್ಚು ಲೇಖನಗಳು ಅದರಲ್ಲಿ ವಿಷಯಾನುಸಾರವಾಗಿ ನಮೂದಾಗಿದ್ದವು.

ಆದರೆ ಅಕಾರಾದಿಯಾಗಿ ಹೊರಡುವ ಸೂಚಿಗೆ ಒಂದು ಕೊರತೆಯಿತ್ತು. ಮೊದಲ ಅಕ್ಷರಗಳ ಸಂಪುಟ ಪ್ರಕಟವಾದ ಮರುವರ್ಷವೇ ಆ ವಿಷಯಗಳ ಮೇಲೆ ಹೊಸ ಲೇಖನ ಬಂದರೆ ಅದನ್ನು ಸೇರಿಸುವುದೆಲ್ಲಿ? ಇದಕ್ಕೆ ಪರಿಹಾರವಾಗಿ ಬಿಲಿಂಗ್ಸರೂ ಫ್ಲೆಚರರೂ 1879ರಲ್ಲಿಯೇ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಲೋಕದ ವೈದ್ಯಪತ್ರಿಕೆಗಳಲ್ಲಿ ಆಯಾ ತಿಂಗಳು ಬಂದ ಹೊಸ ಬರಹಗಳ ಪಟ್ಟಿಯೇ ಈ ಪತ್ರಿಕೆ. ಇದು ಸರ್ಕಾರದ ಕಾರ್ಯವಲ್ಲ. ಸಂಪಾದಕರಿಬ್ಬರೂ ತಮ್ಮ ಬಿಡುವಿನ ವೇಳೆಯಲ್ಲಿ ಮಾಡುತ್ತಿದ್ದ ಕೆಲಸ. ಚಂದಾದಾರರು ಕೆಲವರೇ; ಪ್ರಕಾಶಕರಿಗೆ ನಷ್ಟವೇ ಹೆಚ್ಚು. ಇಪ್ಪತ್ತು ವರ್ಷ ಕುಂಟುತ್ತ ನಡೆದು 1899ರಲ್ಲಿ ಹಣವಿಲ್ಲದೆ ಪತ್ರಿಕೆ ನಿಂತೇಹೋಯಿತು. ನಿಂತಾಗ ಅದರ ಬೆಲೆ ಎಲ್ಲರಿಗೂ ತಿಳಿಯಿತು. ದಾನಿ ಆಂಡ್ರ್ಯೂ ಕಾರ್ನೆಗಿಯವರ ಹಣದಿಂದ ವಾಷಿಂಗ್ಟನ್ನಿನಲ್ಲಿ ಸ್ಥಾಪನೆಯಾದ ಕಾರ್ನೆಗಿ ಸಂಸ್ಥೆಯ ನೆರವಿನಿಂದ 1903ರಲ್ಲಿ ಅದು ಮತ್ತೆ ಜೀವ ತಳೆಯಿತು.

ಬಿಲಿಂಗ್ಸರ ದೃಷ್ಟಿಯಲ್ಲಿ ಗ್ರಂಥಾಲಯವು ಪುಸ್ತಕಗಳನ್ನು ಕಾಯುವ ಮನೆಯಲ್ಲ, ಓದುಗರಿಗೆ ನೆರವಾಗುವ ಮನೆ. ಸೇನೆಯ ಗ್ರಂಥಾಲಯವಾದರೂ ಅದರ ಬಾಗಿಲನ್ನು ಅವರು ಸೇನೆಯ ಹೊರಗಿನ ವೈದ್ಯರಿಗೂ ತೆರೆದರು. ವಾಷಿಂಗ್ಟನ್ನಿಗೆ ಬರಲಾಗದ ವೈದ್ಯನಿಗೂ ಗ್ರಂಥ ದೊರೆಯುವ ಏರ್ಪಾಟನ್ನು ಮಾಡಿದರು. ಮಹಾಸೂಚಿಯ ಸಂಪುಟಗಳು ದೂರದ ಊರುಗಳ ಗ್ರಂಥಾಲಯಗಳಿಗೂ ತಲಪಿದ್ದವು. ಅಲ್ಲಿಯ ವೈದ್ಯನು ಸೂಚಿಯನ್ನು ನೋಡಿ ತನಗೆ ಬೇಕಾದ ಗ್ರಂಥವನ್ನು ಗುರುತಿಸಿ, ತನ್ನೂರಿನ ಗ್ರಂಥಾಲಯದ ಮೂಲಕ ಕೇಳಿದರೆ ಗ್ರಂಥವು ವಾಷಿಂಗ್ಟನ್ನಿನಿಂದ ಅಲ್ಲಿಗೇ ಎರವಲಾಗಿ ಬರುತ್ತಿತ್ತು. ಒಂದು ಗ್ರಂಥಾಲಯವು ಇನ್ನೊಂದಕ್ಕೆ ಪುಸ್ತಕವನ್ನು ಕಡ ಕೊಡುವ ಪದ್ಧತಿ ಇಂದು ಲೋಕದ ಎಲ್ಲ ಕಡೆಯೂ ಇದೆ. ಅಂದು ಅದು ಧೈರ್ಯದ ಕೆಲಸ. ಅಮೂಲ್ಯವಾದ ಗ್ರಂಥ ದಾರಿಯಲ್ಲಿ ಕಳೆದುಹೋದರೆ ಹೊಣೆ ಯಾರದು ಎಂಬ ಅಂಜಿಕೆ ಸಹಜವೇ. ಕಪಾಟಿನಲ್ಲಿ ಸುರಕ್ಷಿತವಾಗಿದ್ದು ಯಾರಿಗೂ ಒದಗದ ಗ್ರಂಥಕ್ಕಿಂತ, ಓದುಗನ ಕೈಯಲ್ಲಿ ಸವೆದುಹೋಗುವ ಗ್ರಂಥವೇ ಮೇಲೆಂಬುದು ಬಿಲಿಂಗ್ಸರ ನಡತೆಯಿಂದ ತೋರುತ್ತದೆ.

ಆದರೂ ಗ್ರಂಥಗಳ ಸುರಕ್ಷತೆಯನ್ನು ಅವರು ಎಂದೂ ಕಡೆಗಣಿಸಲಿಲ್ಲ. ಹಳೆಯ ರಂಗಮಂದಿರವು ಇಕ್ಕಟ್ಟಾಗಿದ್ದಿತು. ಬೆಂಕಿ ಬಿದ್ದರೆ ಸರ್ವನಾಶವಾಗುವ ಅಪಾಯವಿದ್ದಿತು. ಇನ್ನೊಂದು ಪ್ರತಿ ಎಲ್ಲಿಯೂ ಸಿಗದಂತಹ ಗ್ರಂಥಗಳು ಅಲ್ಲಿದ್ದವು. ಹೊಸ ಕಟ್ಟಡ ಬೇಕೆಂದು ಅವರು ವರ್ಷಗಟ್ಟಲೆ ಸರ್ಕಾರದ ಬಾಗಿಲನ್ನು ತಟ್ಟಿದರು. 1885ರಲ್ಲಿ ಶಾಸನಸಭೆ ಒಪ್ಪಿತು. 1887ರಲ್ಲಿ ಗ್ರಂಥಾಲಯವು ಕೆಂಪು ಇಟ್ಟಿಗೆಯ ಹೊಸ ಕಟ್ಟಡಕ್ಕೆ ಹೋಯಿತು. ಆರು ವರ್ಷಗಳ ತರುವಾಯ, 1893ರ ಜೂನ್ 9ರಂದು, ಹಳೆಯ ರಂಗಮಂದಿರದ ಒಳಭಾಗ ಕುಸಿದುಬಿದ್ದು ಅಲ್ಲಿ ಕೆಲಸ ಮಾಡುತ್ತಿದ್ದ 22 ಮಂದಿ ಗುಮಾಸ್ತರು ಪ್ರಾಣಬಿಟ್ಟರು. ಬಿಲಿಂಗ್ಸರ ಆತಂಕ ಎಷ್ಟು ಸಕಾರಣವಾದುದೆಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷಿ ಬೇಕಾಗಿರಲಿಲ್ಲ.

ಗ್ರಂಥಾಲಯದ ಹೊಣೆಯೊಂದೇ ಬೇರೊಬ್ಬರ ಬಾಳನ್ನು ತುಂಬಿಬಿಡುತ್ತಿತ್ತು. ಬಿಲಿಂಗ್ಸರಾದರೋ ಅದರ ಜೊತೆಗೆ ಇನ್ನೂ ಹಲವು ಕಾರ್ಯಗಳನ್ನು ನಿರ್ವಹಿಸಿದರು. ಬಾಲ್ಟಿಮೋರ್ ನಗರದ ವರ್ತಕ ಜಾನ್ಸ್ ಹಾಪ್ಕಿನ್ಸರು ಬಿಟ್ಟುಹೋದ ಸಂಪತ್ತಿನಿಂದ ಕಟ್ಟಬೇಕಾಗಿದ್ದ ಆಸ್ಪತ್ರೆಗೆ ಐವರು ತಜ್ಞರಿಂದ ಯೋಜನೆಗಳನ್ನು ಕೇಳಿದಾಗ ಬಿಲಿಂಗ್ಸರ ಯೋಜನೆಯೇ ಆಯ್ಕೆಯಾಯಿತು. ರೋಗಿಗಳ ಆರೈಕೆ, ವಿದ್ಯಾರ್ಥಿಗಳ ಶಿಕ್ಷಣ, ಹೊಸ ಸಂಶೋಧನೆ ಈ ಮೂರೂ ಒಂದೇ ಕಡೆ ನಡೆಯಬೇಕೆಂಬುದು ಅವರ ಕಲ್ಪನೆ. 1889ರಲ್ಲಿ ಆರಂಭವಾದ ಆ ಆಸ್ಪತ್ರೆಗೆ ವೈದ್ಯರನ್ನು ಆರಿಸುವುದರಲ್ಲಿಯೂ ಅವರ ಪಾತ್ರ ದೊಡ್ಡದು. ಖ್ಯಾತ ವೈದ್ಯ ವಿಲಿಯಂ ಆಸ್ಲರರ ಕೊಠಡಿಗೆ ಹೋಗಿ, ಕುಳಿತುಕೊಳ್ಳುವಷ್ಟೂ ಪುರುಸೊತ್ತಿಲ್ಲದೆ, ಹುದ್ದೆಯನ್ನು ಒಪ್ಪುವಿರಾ ಎಂದು ಕೇಳಿ, ಒಪ್ಪಿಗೆ ದೊರೆತೊಡನೆ ಹೊರಟುಬಿಟ್ಟರಂತೆ. ಅನವಶ್ಯಕವಾದ ಮಾತಿಗೆ ಅವರಲ್ಲಿ ಎಡೆಯೇ ಇರಲಿಲ್ಲ.

1880 ಮತ್ತು 1890ರ ಜನಗಣತಿಗಳಲ್ಲಿ ಜನನಮರಣಗಳ ಅಂಕಿ ಅಂಶಗಳ ವಿಭಾಗವನ್ನು ನೋಡಿಕೊಂಡವರೂ ಅವರೇ. ಲಕ್ಷಾಂತರ ಚೀಟಿಗಳನ್ನು ಕೈಯಿಂದಲೇ ಎಣಿಸುತ್ತಿದ್ದುದನ್ನು ಕಂಡು, ಈ ಯಾಂತ್ರಿಕವಾದ ಕೆಲಸವನ್ನು ಯಂತ್ರವೇ ಮಾಡುವಂತಾಗಬೇಕೆಂದು ಹರ್ಮನ್ ಹಾಲರಿತ್ ಎಂಬ ತರುಣ ಎಂಜಿನಿಯರಿಗೆ ಅವರು ಸೂಚಿಸಿದರು. ಹಾಲರಿತ್ ಆ ಸೂಚನೆಯನ್ನು ಹಿಡಿದು, ರಂಧ್ರ ಕೊರೆದ ಕಾರ್ಡುಗಳನ್ನು ವಿದ್ಯುತ್ತಿನ ಸಹಾಯದಿಂದ ಎಣಿಸುವ ಯಂತ್ರವನ್ನು ನಿರ್ಮಿಸಿದನು. 1890ರ ಜನಗಣತಿಯ ಲೆಕ್ಕ ಆ ಯಂತ್ರಗಳಿಂದಲೇ ನಡೆಯಿತು. ಮುಂದೆ ಬಂದ ಗಣಕಯಂತ್ರಗಳ ಚರಿತ್ರೆಯಲ್ಲಿ ಇದೊಂದು ಮುಖ್ಯವಾದ ಮೆಟ್ಟಿಲು.

1895ರಲ್ಲಿ ಬಿಲಿಂಗ್ಸರು ಸೇನೆಯಿಂದ ನಿವೃತ್ತರಾದರು. ಎರಡು ಸಾವಿರದಿಂದ ಹೊರಟ ಗ್ರಂಥಾಲಯದಲ್ಲಿ ಆಗ 1,16,000ಕ್ಕೂ ಹೆಚ್ಚು ಪುಸ್ತಕಗಳೂ 1,91,000ಕ್ಕೂ ಹೆಚ್ಚು ಕಿರುಹೊತ್ತಗೆಗಳೂ ಇದ್ದವು. ಅಮೆರಿಕ ಮತ್ತು ಬ್ರಿಟನ್ನಿನ ವೈದ್ಯರು ಕೂಡಿ, ಫಿಲಡೆಲ್ಫಿಯಾದಲ್ಲಿ ಅವರನ್ನು ಸನ್ಮಾನಿಸಿ, ಹತ್ತು ಸಾವಿರ ಡಾಲರುಗಳ ನಿಧಿಯನ್ನು ಬೆಳ್ಳಿಯ ಕರಂಡಕದಲ್ಲಿಟ್ಟು ಅರ್ಪಿಸಿದರು. ಅವರ ಗ್ರಂಥಾಲಯದಿಂದ ಉಪಕಾರ ಪಡೆದವರ ಕೃತಜ್ಞತೆ ಅದು.

ನಿವೃತ್ತಿಯು ಅವರಿಗೆ ವಿಶ್ರಾಂತಿಯಾಗಲಿಲ್ಲ. ನ್ಯೂಯಾರ್ಕ್ ನಗರದಲ್ಲಿದ್ದ ಆಸ್ಟರ್ ಮತ್ತು ಲೆನಾಕ್ಸ್ ಗ್ರಂಥಾಲಯಗಳನ್ನೂ ಟಿಲ್ಡನ್ ನಿಧಿಯನ್ನೂ ಕೂಡಿಸಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯವನ್ನು 1895ರಲ್ಲಿ ಸ್ಥಾಪಿಸಲಾಗಿತ್ತು. 1896ರಲ್ಲಿ ಬಿಲಿಂಗ್ಸರು ಅದರ ನಿರ್ದೇಶಕರಾದರು. ಅದರ ಭವ್ಯವಾದ ಮುಖ್ಯ ಕಟ್ಟಡದ ಒಳವಿನ್ಯಾಸಕ್ಕೆ ಆಧಾರವಾದುದು ಅವರು ಒಂದು ತುಂಡು ಕಾಗದದ ಮೇಲೆ ಗೀಚಿದ ನಕ್ಷೆ. 1901ರಲ್ಲಿ ಆಂಡ್ರ್ಯೂ ಕಾರ್ನೆಗಿಯವರು ನಗರದ ಬಡಾವಣೆಗಳಲ್ಲಿ ಶಾಖಾಗ್ರಂಥಾಲಯಗಳನ್ನು ಕಟ್ಟಿಸಲು 52 ಲಕ್ಷ ಡಾಲರುಗಳನ್ನು ದಾನವಾಗಿತ್ತರು. ಆ ದಾನ ದೊರೆಯುವಂತೆ ಮಾಡಿದವರಲ್ಲಿ ಬಿಲಿಂಗ್ಸರೇ ಮುಖ್ಯರು. 1911ರ ಮೇ 23ರಂದು ಮುಖ್ಯ ಕಟ್ಟಡದ ಉದ್ಘಾಟನೆಯಾಯಿತು. ಎರಡು ವರ್ಷಗಳೊಳಗಾಗಿ, 1913ರ ಮಾರ್ಚ್ 11ರಂದು, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಕಾಲವಾದರು. ಯೋಧರಿಗೆ ಸಲ್ಲುವ ಗೌರವದೊಡನೆ ಆರ್ಲಿಂಗ್ಟನ್ನಿನ ರಾಷ್ಟ್ರೀಯ ಶ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಅವರು ನೆಟ್ಟ ಮರ ಮಾತ್ರ ಬೆಳೆಯುತ್ತಲೇ ಹೋಯಿತು. ಸೇನೆಯ ಆ ಗ್ರಂಥಾಲಯವು 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. 1962ರಲ್ಲಿ ಬೆಥೆಸ್ಡಾ ಎಂಬಲ್ಲಿಯ ಹೊಸ ಕಟ್ಟಡವನ್ನು ಸೇರಿತು. ಲೇಖನಗಳ ಹೊಳೆಯನ್ನು ಕೈಬರಹದ ಚೀಟಿಗಳು ತಡೆಯಲಾರದೆ ಹೋದಾಗ, 1964ರಲ್ಲಿ ಸೂಚಿಯನ್ನು ಸಿದ್ಧಪಡಿಸುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಲಾಯಿತು. ಎಣಿಸುವ ಯಂತ್ರ ಬೇಕೆಂದು ಬಿಲಿಂಗ್ಸರು ಬಿತ್ತಿದ್ದ ಕಲ್ಪನೆಯು ಹೀಗೆ ಸುತ್ತಿ ಬಳಸಿ ಅವರ ಗ್ರಂಥಾಲಯಕ್ಕೇ ಮರಳಿ ಬಂದಿತು. ‘ಇಂಡೆಕ್ಸ್ ಮೆಡಿಕಸ್’ ಪತ್ರಿಕೆಯ ಅಚ್ಚು 2004ರಲ್ಲಿ ನಿಂತಿತು. ಏಕೆಂದರೆ ಆ ವೇಳೆಗೆ ಅದರ ಕೆಲಸವನ್ನು ‘ಪಬ್‌ಮೆಡ್’ ಎಂಬ ಗಣಕಸೂಚಿಯು ವಹಿಸಿಕೊಂಡಿತ್ತು. 1997ರಿಂದ ಅದು ಲೋಕದ ಯಾರಿಗೇ ಆಗಲಿ ಬೆಲೆಯಿಲ್ಲದೆ ದೊರೆಯುತ್ತಿದೆ. ಅದರಲ್ಲಿ ಮೂರೂವರೆ ಕೋಟಿಗೂ ಮಿಕ್ಕಿ ಬರಹಗಳ ವಿವರಗಳು ಅಡಕವಾಗಿವೆ. ಇಂದು ಬೆಂಗಳೂರಿನ ಸಂಶೋಧಕನೂ ಹುಬ್ಬಳ್ಳಿಯ ವೈದ್ಯವಿದ್ಯಾರ್ಥಿಯೂ ತಮ್ಮ ಮೇಜನ್ನು ಬಿಟ್ಟೇಳದೆ, ಒಂದು ಕಾಯಿಲೆಯ ಮೇಲೆ ಲೋಕದಲ್ಲಿ ಯಾರು ಏನು ಬರೆದಿದ್ದಾರೆಂಬುದನ್ನು ನಿಮಿಷಗಳಲ್ಲಿ ತಿಳಿಯಬಲ್ಲರು. ಅಂದು ಸಿನ್ಸಿನಾಟಿಯ ಬಡ ವಿದ್ಯಾರ್ಥಿಯೊಬ್ಬನು ತಿಂಗಳುಗಟ್ಟಲೆ ಅಲೆದರೂ ಪಡೆಯಲಾರದೆ ಹೋದುದು ಇದೇ.

ಬಿಲಿಂಗ್ಸರು ಶಸ್ತ್ರವೈದ್ಯರಾಗಿಯೇ ಮುಂದುವರಿದಿದ್ದರೆ ತಮ್ಮ ಕೈಯಿಂದ ಕೆಲವು ಸಾವಿರ ರೋಗಿಗಳನ್ನು ಉಳಿಸುತ್ತಿದ್ದರೇನೋ. ಕತ್ತಿಯನ್ನು ಕೆಳಗಿಟ್ಟು ಸೀಸದ ಕಡ್ಡಿಯನ್ನು ಹಿಡಿದುದರಿಂದ, ತಾವೆಂದೂ ಕಾಣದ ವೈದ್ಯರ ಕೈಗಳಿಗೆ ಬಲ ತಂದರು. ತಾವೆಂದೂ ಕಾಣದ ರೋಗಿಗಳಿಗೆ ನೆರವಾದರು. ಪೈರು ಕೊಯ್ಯುವ ದಿನ ನೀರುಗಂಟಿಯನ್ನು ನೆನೆಯುವವರು ವಿರಳ. ಆದರೂ ಸರಿಹೊತ್ತಿನಲ್ಲಿ ಎದ್ದು ತೂಬನ್ನೆತ್ತಿದವನ ದುಡಿಮೆ ಪ್ರತಿಯೊಂದು ತೆನೆಯಲ್ಲಿಯೂ ಇರುತ್ತದೆ.